20 ರೂಪಾಯಿ ಇಟ್ಟು ತಡವಾಗಿ ಬರುತ್ತಾರೆ, ಏನು ಮಾಡಲಿ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಊರಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಕಡಕ್ ರೊಟ್ಟಿ ಕೇಂದ್ರ ನಡೆಸುತ್ತೇನೆ. ಒಂಬತ್ತು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ, ರೊಟ್ಟಿ ಲೆಕ್ಕದ ಮೇಲೆ ಕೂಲಿ. ಬೆಂಗಳೂರಿನ ಖಾನಾವಳಿ, ಪಿಜಿಗಳಿಗೆ ಮಾಲು ಹೋಗುತ್ತದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆರ್ಡರ್ ಹೆಚ್ಚಾದ ಮೇಲೆ ಶಿಸ್ತು ಬೇಕೆಂದು ತಡವಾಗಿ ಬಂದವರಿಗೆ 20 ರೂಪಾಯಿ ದಂಡ ಇಟ್ಟೆ. ತಿಂಗಳಲ್ಲಿ ಅತಿ ಹೆಚ್ಚು ರೊಟ್ಟಿ ಬಡಿದವರಿಗೆ 500 ರೂಪಾಯಿ ಬಹುಮಾನವನ್ನೂ ಇಟ್ಟೆ. ಈಗ ಸೋಮವಾರ, ಗುರುವಾರ ಅರ್ಧ ಜನ ತಡವಾಗಿ ಬಂದು, ಮಾತಿಲ್ಲದೆ ಡಬ್ಬಿಗೆ 20 ರೂಪಾಯಿ ಹಾಕಿ ಕೂರುತ್ತಾರೆ. ನಾವೆಲ್ಲ ದೊಡ್ಡವ್ವ ಎಂದು ಕರೆಯುವ ಹಿರಿಯರು ಹೊಸಬರಿಗೆ ಕಲಿಸುವುದನ್ನೇ ಬಿಟ್ಟಿದ್ದಾರೆ. ಡಿಗ್ರಿ ಓದಿದ ಒಬ್ಬ ಹುಡುಗಿ ಸದಾ ಮುಖ ಗಂಟು ಹಾಕಿಕೊಂಡಿರುತ್ತಾಳೆ. ಇವರಿಗೆ ಹುರುಪು ತುಂಬುವುದು ಹೇಗೆ? ನಮ್ಮ ಯಜಮಾನರು ಎಲ್ಲರನ್ನೂ ಬಿಡಿಸಿ ಮಷಿನ್ ತರೋಣ ಎನ್ನುತ್ತಿದ್ದಾರೆ.
– ಹೆಸರು ಬೇಡ

ಉತ್ತರ: ತಂಗೀ, ನಿಮ್ಮ ಪತ್ರ ಓದಿದಾಗಿನಿಂದ ಆ ಡಬ್ಬಿಯೇ ಕಣ್ಣ ಮುಂದಿದೆ. ದಂಡ ಇಡುವ ಮೊದಲು ತಡವಾಗಿ ಬಂದವರು ಹೇಗೆ ಒಳಗೆ ಬರುತ್ತಿದ್ದರು, ನೆನಪಿಸಿಕೊಳ್ಳಿ. ಸೆರಗು ಸಿಗಿಸಿಕೊಳ್ಳುತ್ತಾ "ಇವತ್ತ ಸ್ವಲ್ಪ ಹೊತ್ತಾತ್ರೀ ಅಕ್ಕಾ" ಅಂದಿರಬೇಕು. ಸಂಜೆ ಉಳಿದವರು ಎದ್ದ ಮೇಲೂ ಕೂತು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು ಹೋಗಿರಬೇಕು. ಈಗ ಆ ಮಾತೂ ಇಲ್ಲ, ಆ ಸಂಕೋಚವೂ ಇಲ್ಲ. 20 ರೂಪಾಯಿ ಬಿತ್ತು, ಲೆಕ್ಕ ಚುಕ್ತಾ.

ಇದು ನಿಮ್ಮೊಬ್ಬರ ಶೆಡ್ಡಿನಲ್ಲಿ ಆದದ್ದಲ್ಲ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಂದೆತಾಯಿ ತಡವಾಗಿ ಬರುತ್ತಿದ್ದರು. ಉರಿ ಗ್ನೀಜಿ, ಆಲ್ಡೊ ರುಸ್ತಿಚಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತು ಶಿಶುವಿಹಾರಗಳನ್ನು 20 ವಾರ ಗಮನಿಸಿದರು. ಅವುಗಳಲ್ಲಿ ಆರರಲ್ಲಿ, ಹತ್ತು ನಿಮಿಷಕ್ಕಿಂತ ತಡವಾದವರಿಗೆ ಸಣ್ಣ ದಂಡ ಇಡಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ದುಪ್ಪಟ್ಟಾದರು. ಟೀಚರಮ್ಮ ನಮ್ಮ ಮಗುವಿಗಾಗಿ ಕಾದು ಕೂತಿದ್ದಾರೆ ಎಂಬ ಮುಲಾಜು ಹೋಗಿ, ದುಡ್ಡು ಕೊಟ್ಟರೆ ಕಾಯುತ್ತಾರೆ ಎಂದಾಯಿತು. 2000ನೇ ಇಸವಿಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನಿಮಗೆ ಬೇಕಾದ ಸಂಗತಿ ಕೊನೆಗೆ ಬರುತ್ತದೆ: ದಂಡ ತೆಗೆದ ಮೇಲೂ ಜನ ಮೊದಲಿನಂತಾಗಲಿಲ್ಲ, ತಡವಾಗಿಯೇ ಬರುತ್ತಿದ್ದರು. ಹಾಗಾಗಿ ನಾಳೆ ಬೆಳಿಗ್ಗೆ ಸದ್ದಿಲ್ಲದೆ ಡಬ್ಬಿ ತೆಗೆದಿಟ್ಟರೆ ಸಾಲದು. ಕೂತು ಮಾತಾಡಲೇಬೇಕು.

ಅದಕ್ಕೂ ಮೊದಲು ಒಂದು ಮಾತು. ಸೋಮವಾರ, ಗುರುವಾರ ಎಂದು ನೀವೇ ಬರೆದಿದ್ದೀರಿ. ಆ ದಿನ ಅವರ ಓಣಿಗೆ ನಳ ಬರುತ್ತದೆಯೇ, ವಿಚಾರಿಸಿದ್ದೀರಾ? ನಮ್ಮ ಕಡೆ ನೀರು ಬಿಡುವ ದಿನ ಹೆಣ್ಣುಮಕ್ಕಳು ಕೊಡ ತುಂಬಿಸಿಡದೆ ಮನೆ ಬಿಡಲಾರರು, ಅದು ನಿಮಗೂ ಗೊತ್ತು. ನನ್ನ ಊಹೆ ತಪ್ಪಿರಬಹುದು, ಬಸ್ಸು ಇರಬಹುದು, ಮಗುವಿನ ಅಂಗನವಾಡಿ ಇರಬಹುದು. ಆದರೆ ವಾರದಲ್ಲಿ ಅದೇ ಎರಡು ದಿನ ಮೈಗಳ್ಳತನ ಬರುವುದಿಲ್ಲ. ಹುರುಪಿಲ್ಲ ಎಂದು ನಮಗೆ ಕಾಣುವುದರ ಹಿಂದೆ ಎಷ್ಟೋ ಸಲ ಇಂಥ ಒಂದು ತೊಡಕು ಇರುತ್ತದೆ. ಅದನ್ನು ಬಿಡಿಸಿದರೆ ಅರ್ಧ ಕೆಲಸ ಆದಂತೆ.

ಇನ್ನು ದೊಡ್ಡವ್ವ. ಅವರ ವಿಷಯ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಹೊಸಬಳಿಗೆ ರೊಟ್ಟಿ ಕಲಿಸುವುದು ಬಾಯಿಮಾತಿನ ಕೆಲಸವಲ್ಲ. ಎಸರು ಎಷ್ಟು ಕುದಿಯಬೇಕು, ಹಿಟ್ಟು ನಾದಿ ನಾದಿ ಜಿಗಿ ಯಾವಾಗ ಬರುತ್ತದೆ ಎಂಬುದನ್ನು ಅವಳ ಬೆರಳಿಗೇ ಕಲಿಸಬೇಕು. ಅಂಚು ಸೀಳತೊಡಗಿದಾಗ ಅವಳ ಮುಂಗೈ ಹಿಡಿದು, ಅಂಗೈಯನ್ನು ಓರೆ ಮಾಡಿ ತಿರುಗಿಸಿ ತೋರಿಸಬೇಕು. ಅವಳು ಹೆಂಚಿನ ಮೇಲೆ ಹಾಕುವಾಗ ಮುರಿದದ್ದನ್ನು ಮತ್ತೆ ಮುದ್ದೆ ಮಾಡಿಕೊಡಬೇಕು. ಒಂದು ತಾಸು ಹೀಗೆ ಕೂತರೆ ದೊಡ್ಡವ್ವನ ಲೆಕ್ಕದಲ್ಲಿ ಎಷ್ಟು ರೊಟ್ಟಿ ಕಡಿಮೆಯಾಗುತ್ತವೆ, ನೀವೇ ಎಣಿಸಿ ನೋಡಿ. ಎರಡು ವರ್ಷ ಆ ನಷ್ಟವನ್ನು ಅವರು ಬಾಯಿಬಿಡದೆ ನುಂಗಿದರು. ಬಹುಮಾನ ಬಂದ ದಿನ, ಈ ಮನೆಯಲ್ಲಿ ಬೆಲೆ ಇರುವುದು ಎಣಿಕೆಗೆ ಮಾತ್ರ ಎಂದು ಅವರಿಗೆ ಅನಿಸಿರುತ್ತದೆ. ಅವರು ಕಲಿಸುವುದನ್ನು ಬಿಟ್ಟದ್ದಕ್ಕೆ ನಾನಂತೂ ಅವರನ್ನು ದೂರಲಾರೆ. ಆ ಬಹುಮಾನವನ್ನು ನಿಲ್ಲಿಸಿ. ಕಲಿಸುವ ಹೊತ್ತಿಗೆ ಬೇರೆಯೇ ಕೂಲಿ ಕೊಡಿ. ಹಿಟ್ಟು ಹದವಾಗಿದೆಯೇ, ಯಾವ ರೊಟ್ಟಿ ಪ್ಯಾಕಿಗೆ ಹೋಗಬೇಕು ಎಂಬುದರಲ್ಲಿ ಕೊನೆಯ ಮಾತು ಅವರದಾಗಲಿ.

ನಿಮ್ಮ ಜಿಲ್ಲೆಯಲ್ಲೇ, ಪ್ರತಿ ವರ್ಷ ಜನವರಿ ಹೊತ್ತಿಗೆ ಗವಿಮಠದ ಜಾತ್ರೆ ಆಗುತ್ತದಲ್ಲ? ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬರುತ್ತದೆ. ಬಡಿದವರಿಗೆ ಕೂಲಿ ಇಲ್ಲ, ಬಹುಮಾನ ಇಲ್ಲ, ತಡವಾದರೆ ದಂಡವೂ ಇಲ್ಲ. ಆ ಕೈಗಳಲ್ಲಿ ನಿಮ್ಮ ಶೆಡ್ಡಿನ ಕೈಗಳೂ ಇರಬಹುದು. ಭಕ್ತಿ ಅದರ ಬೇರು ನಿಜ, ವ್ಯಾಪಾರದಲ್ಲಿ ಅದನ್ನು ಕೇಳುವ ಹಕ್ಕು ನಮಗಿಲ್ಲ. ಆದರೂ ಅಲ್ಲಿ ಇನ್ನೆರಡು ಸಂಗತಿ ಇವೆ: ಯಾವ ದಿನ ಕೂಡಬೇಕು, ಯಾರ ಮನೆಯಲ್ಲಿ ಕೂಡಬೇಕು ಎಂಬುದನ್ನು ಅವರೇ ಗೊತ್ತು ಮಾಡುತ್ತಾರೆ. ಆ ರೊಟ್ಟಿ ಯಾರ ಹೊಟ್ಟೆಗೆ ಹೋಗುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಬಡಿದ ರೊಟ್ಟಿ ರಟ್ಟಿನ ಡಬ್ಬಿ ಸೇರಿ ಬಸ್ಸು ಹತ್ತಿದ ಮೇಲೆ ಏನಾಯಿತೆಂದು ಅವರಿಗೆ ಯಾರು ಹೇಳಿದ್ದಾರೆ?

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ದೇಣಿಗೆ ಕೇಳುವ ನೌಕರರಿದ್ದರು. ಆ ದೇಣಿಗೆಯಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರ ಜೊತೆ ಕೆಲವೇ ನಿಮಿಷ ಮಾತಾಡಿಸಿದರು. ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟಿಗೂ ಮೀರಿತ್ತು. ಆಡಂ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನವಿದು. ನೀವೂ ಬೆಂಗಳೂರಿನ ಆ ಪಿಜಿಯಲ್ಲಿ ಉಣ್ಣುವ ನಮ್ಮ ಕಡೆಯ ಹುಡುಗನೊಬ್ಬನಿಂದ ಒಂದು ವಿಡಿಯೊ ಕಾಲ್ ಮಾಡಿಸಿ. ದೊಡ್ಡವ್ವನಿಗೆ "ಅಮ್ಮಾ, ರೊಟ್ಟಿ ಊರಿನಂಗ ಐತಿ" ಎಂದು ಅವನೇ ಹೇಳಲಿ. ಹೇಳಿಕೊಟ್ಟು ಹೇಳಿಸಬೇಡಿ, ರೊಟ್ಟಿ ದಪ್ಪವಾಗಿತ್ತು ಎಂದರೆ ಅದನ್ನೂ ಹೇಳಲಿ.

ಇಷ್ಟೆಲ್ಲ ಹೇಳಿದೆನೆಂದು ಕೂಲಿಯನ್ನು ಮರೆಯಬೇಡಿ. ಒಳ್ಳೆಯ ಮಾತಿನಿಂದ ರೇಷನ್ ಬರುವುದಿಲ್ಲ. ದುಡ್ಡಿಗಾಗಿಯೇ ಬಂದು, ಕೆಲಸ ಮುಗಿಸಿ, ಯಾರ ಗೊಡವೆಯೂ ಬೇಡವೆಂದು ಮನೆಗೆ ಹೋಗುವವರು ನಿಮ್ಮಲ್ಲಿ ಇರಬಹುದು. ಅವರಲ್ಲಿ ಯಾವ ಕೊರತೆಯೂ ಇಲ್ಲ. ಅವರಿಗೆ ಶನಿವಾರದ ಬಟವಾಡೆ ಶನಿವಾರವೇ ಆಗಲಿ. ಹೊಗೆ ಹೋಗಲು ಶೆಡ್ಡಿಗೆ ದಾರಿ ಇದೆಯೇ? ನೆಲಕ್ಕೆ ಕೂರಲಾಗದ ಮೊಣಕಾಲಿಗೆ ಎತ್ತರದ ಕಟ್ಟೆ ಇದೆಯೇ? ಮಷಿನಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಇವೆರಡನ್ನು ಮಾಡಿಸಿ. ಕೈಯಿಂದ ಬಡಿದದ್ದೆಂದೇ ನಿಮ್ಮ ಗಿರಾಕಿಗಳು ತರಿಸುತ್ತಿದ್ದಾರೋ ಏನೋ, ಅದನ್ನು ಕೇಳಿಕೊಳ್ಳದೆ ಮಷಿನ್ ತರುವುದು ನನಗೆ ಸರಿ ಕಾಣುವುದಿಲ್ಲ.

ಡಿಗ್ರಿ ಹುಡುಗಿಯ ಬಗ್ಗೆ ದೂರದಿಂದ ಹೇಳುವುದು ಕಷ್ಟ. ಲೆಕ್ಕ, ಆರ್ಡರ್ ನೋಡಿಕೊಳ್ಳಲು ಅವಳಿಗೆ ಇಷ್ಟವೇನೋ ಅನಿಸುತ್ತದೆ. ಆದರೆ ನೀವೇ ತೀರ್ಮಾನಿಸಿ ಅವಳ ತಲೆಗೆ ಕಟ್ಟಬೇಡಿ. "ಮುಂದ ಏನ್ ಮಾಡಬೇಕಂತ ಮಾಡಿಯವ್ವಾ?" ಎಂದು ಕೇಳಿ. ಬ್ಯಾಂಕ್ ಪರೀಕ್ಷೆ ಎಂದರೆ, ಓದಲು ಒಂದು ತಾಸು ಮೊದಲೇ ಬಿಡಲು ನಿಮ್ಮಿಂದ ಆಗುತ್ತದೆಯೇ ನೋಡಿ.

ಎಲ್ಲರನ್ನೂ ಕೂಡಿಸಿದ ದಿನ ಆ ಡಬ್ಬಿಯನ್ನು ನಡುವೆ ಇಟ್ಟು ಇಷ್ಟೇ ಹೇಳಿ: "ನಿಮ್ಮನ್ನ ಕೇಳದ ದಂಡ ಹಾಕಿದ್ದು ನನ್ನ ತಪ್ಪು. ಯಾರ ರೊಕ್ಕ ಎಷ್ಟೈತಿ ಬರದಿಟ್ಟೀನಿ, ತಗೋರಿ. ಮುಂಜಾನೆ ಎಷ್ಟಕ್ಕ ಶುರು ಮಾಡಿದ್ರ ಎಲ್ಲಾರಿಗೂ ಆಗ್ತೈತಿ, ನೀವ ಹೇಳ್ರಿ." ಆ ದುಡ್ಡಲ್ಲಿ ಸಿಹಿ ತರಿಸಿ ಹಂಚಬೇಡಿ, ಅದು ಅವರದು, ಕೈಗೇ ಕೊಡಿ. ಆಮೇಲೆ ಸುಮ್ಮನಿರಿ. ಮೊದಲು ಯಾರೂ ಮಾತಾಡದೇ ಇರಬಹುದು, ಆ ಮೌನ ತುಂಬಲು ನೀವೇ ಮಾತು ಶುರು ಮಾಡಬೇಡಿ.

ಆ ಸಭೆಗೆ ಮುಂಚಿನ ದಿನ ದೊಡ್ಡವ್ವನ ಮನೆಗೆ ಒಬ್ಬರೇ ಹೋಗಿ ಬನ್ನಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.