ಪಡ್ರೆ ಕಡೆಗೆ ಸಹಾಯಕ್ಕೆ ಬರುವವರಿಗೆ

ಎಂಡೋಸಲ್ಫಾನ್ ಕೀಟನಾಶಕ ನಿಷೇಧವಾಗಿ ಎಷ್ಟೋ ವರ್ಷವಾಯಿತು, ಸುಪ್ರೀಂ ಕೋರ್ಟ್ ಹೇಳಿದ ಪರಿಹಾರವೂ ಬಂದಿದೆಯಲ್ಲ, ಇನ್ನು ಕಾಸರಗೋಡಿನಲ್ಲಿ ಸಂಘ ಸಂಸ್ಥೆಗಳಿಗೆ ಏನು ಕೆಲಸ ಉಳಿದಿದೆ ಎಂದು ಕೇಳಿದ್ದೀರಿ. ದೂರದಿಂದ ನೋಡುವವರಿಗೆ ಹಾಗೆ ಅನಿಸುವುದು ಸಹಜ. ಆದರೆ ಇಲ್ಲಿ ಉಳಿದಿರುವುದು ದಿನ ಬೆಳಗಾದರೆ ಎದುರಾಗುವ ಕೆಲಸ. ಸಂತ್ರಸ್ತರ ಪಟ್ಟಿಯಿಂದ ಬಿಟ್ಟುಹೋದ ಹೆಸರು ಸೇರಿಸಬೇಕು, ಕಾಗದಪತ್ರ ಸರಿಮಾಡಿಸಬೇಕು, ಅಪಸ್ಮಾರದ ಮಾತ್ರೆ ಮುಗಿಯದಂತೆ ನೋಡಬೇಕು, ಬೆಳೆದ ಮಗನನ್ನು ಎತ್ತಿ ಎತ್ತಿ ಸೊಂಟ ಹಿಡಿದುಹೋದ ತಾಯಿಗೆ ಒಂದು ದಿನವಾದರೂ ಬಿಡುವು ಸಿಗುವಂತೆ ಮಾಡಬೇಕು.

ಹಿನ್ನೆಲೆ ಗೊತ್ತಿರಲಿ. ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಜಿಲ್ಲೆಯ ಗುಡ್ಡೆಗಳ ಮೇಲೆ ಸಾವಿರಾರು ಎಕರೆ ಹಬ್ಬಿವೆ. ಚಿಗುರು ಮತ್ತು ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಮದ್ದು ಬಿಟ್ಟರು. ಬಯಲು ತೋಟದಲ್ಲಾದರೆ ಮರದ ತುದಿಗೆ ಹತ್ತಿರವಾಗಿ ಹಾರಬಹುದು. ನಮ್ಮ ಏರುತಗ್ಗಿನಲ್ಲಿ ಅದು ಆಗದ ಮಾತು. ಎತ್ತರದಿಂದ ಬಿಟ್ಟ ಮದ್ದನ್ನು ಗಾಳಿ ಕೊಂಡುಹೋದದ್ದೇ ದಾರಿ. ತೋಟ ಇರುವುದು ಗುಡ್ಡೆಯ ನೆತ್ತಿಯಲ್ಲಿ, ಮನೆಗಳಿರುವುದು ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಅದೇ ಗುಡ್ಡೆಗೆ ಕೊರೆದ ಸುರಂಗದ್ದು, ಇಲ್ಲವೇ ಅಲ್ಲಿಂದ ಇಳಿಯುವ ತೋಡಿನದು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದ ಕಡೆ, ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಇಷ್ಟೇಕೆ ಎಂಬ ಪ್ರಶ್ನೆ ಎದ್ದದ್ದು ಹೀಗೆ. ಸರಕಾರ ಬಾಧಿತ ಎಂದು ಗುರುತಿಸಿದ್ದು 11 ಪಂಚಾಯತುಗಳನ್ನು. ಅವುಗಳಲ್ಲಿ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕದಂಥ ಕಡೆ ಕನ್ನಡ, ತುಳು ಆಡುವ ಮನೆಗಳು ಬಹಳ ಇವೆ. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಗೇರು ತೋಟಗಳಿಗೆ ಇದೇ ಮದ್ದು ಬಿದ್ದಿದೆ. ಆದರೆ ಆ ಪಟ್ಟಿ, ಆ ಪಿಂಚಣಿ ಕರ್ನಾಟಕ ಸರಕಾರದ್ದು. ಮದುವೆಯಾಗಿ ಗಡಿ ದಾಟಿದವರ ಅರ್ಜಿ ಎರಡು ರಾಜ್ಯಗಳ ನಡುವೆ ಸಿಕ್ಕಿಹಾಕಿಕೊಳ್ಳುವುದು ಇದರಿಂದಲೇ.

ಇಲ್ಲಿನ ಹೋರಾಟ ಹೊರಗಿನವರು ಬಂದು ಕಟ್ಟಿದ್ದಲ್ಲ ಎಂಬುದನ್ನು ನೀವು ತಿಳಿದಿರಬೇಕು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದಿದ್ದರು. ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ಪರಿಸರದಲ್ಲಿ ಇಷ್ಟೊಂದು ಕಾಯಿಲೆ ಇರುವುದನ್ನು ಗುರುತಿಸಿ ಹೇಳಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್‌ವಿರಾನ್‌ಮೆಂಟ್, ತಿರುವನಂತಪುರದ ತಣಲ್ ಮುಂತಾದ ಸಂಸ್ಥೆಗಳು ಜತೆಯಾದದ್ದು ಆಮೇಲೆ. ಅವರಿಂದ ನಿಜವಾಗಿ ಉಪಕಾರವಾಯಿತು, ಏಕೆಂದರೆ ನೀರು, ಮಣ್ಣು, ರಕ್ತದ ಮಾದರಿ ಪರೀಕ್ಷಿಸುವ ಲ್ಯಾಬು ಊರಿನವರ ಕೈಯಲ್ಲಿ ಇರಲಿಲ್ಲ. ಊರಿನವರಿಗೆ ಆಗದ್ದನ್ನು ಮಾಡಿಕೊಟ್ಟರು, ಆಗುವುದನ್ನು ಅವರಿಗೇ ಬಿಟ್ಟರು.

ಹಕ್ಕಿನ ಮಾತಿಗೆ ಬಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಮಾಡಿದ ಶಿಫಾರಸೇ ಆಧಾರ: ಮೃತರ ಕುಟುಂಬಕ್ಕೆ, ಹಾಸಿಗೆ ಹಿಡಿದವರಿಗೆ, ಬುದ್ಧಿಮಾಂದ್ಯರಿಗೆ 5 ಲಕ್ಷ ರೂಪಾಯಿ, ಉಳಿದವರಿಗೆ 3 ಲಕ್ಷ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಮದ್ದನ್ನೇ ನಿಷೇಧಿಸಿತು. 2017ರ ಜನವರಿ 10ರಂದು, ಮೂರು ತಿಂಗಳೊಳಗೆ ಎಲ್ಲರಿಗೂ 5 ಲಕ್ಷ ಕೊಡಿ ಎಂದಿತು. 2022ರ ಮೇ ತಿಂಗಳಿನಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ ಎಂಟು ಮಂದಿಗೆ ಮಾತ್ರ. ಕೋರ್ಟು ಗದರಿದ ಮೇಲೆ ಉಳಿದವರಿಗೆ ಹಂಚಿಕೆ ಶುರುವಾಯಿತು. ಆದೇಶ ಬಂದರೆ ಕೆಲಸವಾಯಿತು ಎಂದು ಕೈತೊಳೆದುಕೊಳ್ಳುವ ಸಂಸ್ಥೆಗೆ ಇಲ್ಲಿ ಜಾಗವಿಲ್ಲ ಎನ್ನುವುದು ಅದಕ್ಕೇ.

ಪಟ್ಟಿಯ ವಿಷಯ ಇನ್ನೂ ಕಠಿಣ. ಪರಿಹಾರ, ಪಿಂಚಣಿ, ಉಚಿತ ಚಿಕಿತ್ಸೆ ಎಲ್ಲಕ್ಕೂ ಹೆಸರು ಪಟ್ಟಿಯಲ್ಲಿರಬೇಕು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ, ಆಮೇಲೆ ತಜ್ಞ ವೈದ್ಯರ ವಿಶೇಷ ಶಿಬಿರ, ಕೊನೆಗೆ ಜಿಲ್ಲಾ ಮಟ್ಟದ ಸೆಲ್ಲಿನ, ಅಂದರೆ ಇದಕ್ಕೆಂದೇ ಇರುವ ಸಮಿತಿಯ ಒಪ್ಪಿಗೆ. 2017ರ ಏಪ್ರಿಲ್ ಶಿಬಿರದಿಂದ 1,905 ಹೆಸರು ಬಂದವು. ಅಂತಿಮವಾಗಿ ಉಳಿದದ್ದು 287. ಗಲಾಟೆಯಾದ ಮೇಲೆ 76 ಸೇರಿದವು. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕೂತರು, ಸಮಾಜ ಸೇವಕಿ ದಯಾಬಾಯಿ ಉಪವಾಸ ಮಾಡಿದರು, ಆಗ 18 ವರ್ಷದೊಳಗಿನ 511 ಮಕ್ಕಳು ಸೇರಿದರು. ಹೊರಗುಳಿದ 1,031 ಮಂದಿಯ ಹೋರಾಟ ಆಮೇಲೂ ನಡೆಯಿತು. ಇಂಥ ಕಡೆ ಸಂಸ್ಥೆ ಮಾಡಬೇಕಾದದ್ದು ಸಣ್ಣ ಕೆಲಸ, ಆದರೆ ತಪ್ಪದೆ ಮಾಡಬೇಕಾದದ್ದು. ಶಿಬಿರದ ಚೀಟಿ, ಹಳೆಯ ಆಸ್ಪತ್ರೆ ದಾಖಲೆ, ಮನೆಯಿಂದ ತೋಟಕ್ಕಿರುವ ದೂರ, ತಾಯಿ ಗರ್ಭಿಣಿಯಾಗಿದ್ದಾಗ ಎಲ್ಲಿ ವಾಸವಿದ್ದಳು ಎಂಬ ದಾಖಲೆ, ಇವನ್ನೆಲ್ಲ ಪ್ರತಿ ಕುಟುಂಬಕ್ಕೆ ಒಂದೊಂದು ಫೈಲು ಮಾಡಿ ಇಡುವುದು. ಮಳೆಗಾಲದಲ್ಲಿ ಹಂಚಿನ ಮಾಡಿನ ಮನೆಯಲ್ಲಿ ಕಾಗದ ಒದ್ದೆಯಾಗಿ ಅಂಟಿಹೋಗುತ್ತದೆ. ಪ್ಲಾಸ್ಟಿಕ್ ಕವರಿನ ಫೈಲು, ಜತೆಗೆ ಎಲ್ಲದರ ಸ್ಕ್ಯಾನ್ ಪ್ರತಿ ಬೇಕೇ ಬೇಕು.

ಇನ್ನು ಭಾಷೆ. ಮನೆಯಲ್ಲಿ ತುಳುವೋ ಮರಾಟಿಯೋ ಹವ್ಯಕ ಕನ್ನಡವೋ ಇರುತ್ತದೆ, ಶಾಲೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಕಚೇರಿಯಿಂದ ಬರುವ ನೋಟಿಸು ಮಲಯಾಳದಲ್ಲಿ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲಿ ಕೊಡುವ ಹಕ್ಕೂ ಇದೆ. ಹಕ್ಕು ಇದ್ದರೂ ವಿಳಂಬವಾದರೆ ನಷ್ಟ ರೋಗಿಗೇ. ಹಾಗಾಗಿ ಅನುಭವಿಗಳು ಅರ್ಜಿಯನ್ನು ಕನ್ನಡದಲ್ಲಿ ಬರೆದು ಮಲಯಾಳದ ಪ್ರತಿಯನ್ನೂ ಲಗತ್ತಿಸುತ್ತಾರೆ, ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೇಳಿ ಪಡೆಯುತ್ತಾರೆ. ಹೆಚ್ಚು ತೊಂದರೆ ಕೊಡುವುದು ಹೆಸರಿನ ಕಾಗುಣಿತ. ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು. ನಾಯ್ಕ ಎಂಬುದು ಒಂದೊಂದು ಕಡೆ ಒಂದೊಂದು ತರ. ಪಿಂಚಣಿ ನಿಲ್ಲಲು ಅಷ್ಟು ಸಾಕು. ವಿಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ದ ಸೇಮ್’ (ಈ ಹೆಸರುಗಳೆಲ್ಲ ಒಬ್ಬರದೇ ಎಂಬ) ಸರ್ಟಿಫಿಕೇಟು ಮಾಡಿಸಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಕಾಯಂ ಪರಿಹಾರಕ್ಕೆ ಆಧಾರಿನ ಹೆಸರಿಗೆ ಉಳಿದದ್ದನ್ನು ಹೊಂದಿಸಿಕೊಳ್ಳಬೇಕು.

ಮಗುವಿಗೆ 18 ತುಂಬಿದಾಗ ಬರುವ ತೊಡಕನ್ನು ಬಹಳ ಜನ ಮುಂದಾಗಿ ಯೋಚಿಸುವುದಿಲ್ಲ. ಆಮೇಲೆ ಅಮ್ಮನ ಸಹಿಯನ್ನು ಬ್ಯಾಂಕು ಒಪ್ಪುವುದಿಲ್ಲ, ಮಗನಿಗೆ ಸಹಿ ಹಾಕಲು ಬರುವುದಿಲ್ಲ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹು ಅಂಗವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ನೇಮಿಸುವುದು ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಸಮಿತಿ. ಅರ್ಜಿ ಫಾರಂ ಎ, ನೇಮಕಪತ್ರ ಫಾರಂ ಬಿ. ವಿಚಾರಣೆಗೆ ಸಮಯ ಹಿಡಿಯುವುದರಿಂದ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮೊದಲೇ ಸಿದ್ಧವಿರಬೇಕು. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ವಿವರ, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕೆಂಬುದನ್ನೂ ಪಾಲಕರಿಗೆ ಬಿಡಿಸಿ ಹೇಳಬೇಕು. ಅಮ್ಮನಿಗೆ ವಯಸ್ಸಾದ ಮೇಲೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಯನ್ನು ಆ ಕುಟುಂಬದೊಡನೆ ಕೂತು ಮಾತಾಡುವ ಸಂದರ್ಭವೂ ಇದೇ. ವಕೀಲರು ಬೇಕಾದರೆ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ.

ಆಸ್ಪತ್ರೆ ಎಂದರೆ ಈ ಭಾಗದವರಿಗೆ ಮಂಗಳೂರು. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು, ನರರೋಗದ ಚಿಕಿತ್ಸೆಗೆ ಜನ ಆಮೇಲೂ ಗಡಿ ದಾಟುತ್ತಲೇ ಬಂದರು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಗಡಿಯ ತಲಪಾಡಿಯಲ್ಲೂ ಒಳರಸ್ತೆಗಳಲ್ಲೂ ಮಣ್ಣು ಹಾಕಿ ದಾರಿ ಮುಚ್ಚಿದಾಗ ಆಂಬುಲೆನ್ಸುಗಳು ವಾಪಸಾದವು, ಚಿಕಿತ್ಸೆ ಸಿಗದೆ ಜನ ಸತ್ತರು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಬದುಕುವ ಹಕ್ಕು ಒಂದು ಗೇಟಿನ ಮೇಲೆ ನಿಂತಿರಬಾರದು. ಈಗಿನ ತೊಂದರೆ ಬೇರೆ: ರೆಫರಲ್ ಪತ್ರ ಇಲ್ಲದೆ ಹೋದರೆ ಉಚಿತ ಚಿಕಿತ್ಸೆ ಸಿಗದೆ ಬಿಲ್ಲು ಕೈಯಿಂದ ಕಟ್ಟಬೇಕಾಗುತ್ತದೆ. ಮೊದಲು ಪತ್ರ, ಆಮೇಲೆ ವಾಹನ.

ಮನೆಯೊಳಗಿನ ಆರೈಕೆಯಲ್ಲಿ ಒಳ್ಳೆಯ ಕೆಲಸ ಮಾಡುವವರು ಪಂಚಾಯತಿನ ಪಾಲಿಯೇಟಿವ್ ನರ್ಸುಗಳು, ಅಂದರೆ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವವರು. ಅವರ ಜತೆ ಒಂದು ದಿನ ತಿರುಗಿದರೆ ನಿಮಗೆ ಏನು ಬೇಕೆಂಬುದು ಗೊತ್ತಾಗುತ್ತದೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಎಲುಬು, ಬೆನ್ನಿನ ಬುಡದಲ್ಲಿ ಕೆಂಪು ಕಲೆ ಕಂಡು, ಬೆರಳಿನಿಂದ ಒತ್ತಿದರೂ ಅದು ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಗಾಳಿ ಹಾಸಿಗೆ ದಾನ ಕೊಡುವವರು ಅದರ ಪಂಪಿಗೆ ಕರೆಂಟು ಬೇಕೆಂಬುದನ್ನು ಮರೆಯುತ್ತಾರೆ. ಜೂನ್ ಜುಲೈಯಲ್ಲಿ ಇಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ಹಾಸಿಗೆ ಚಪ್ಪಟೆಯಾಗಿ ರೋಗಿ ಹಲಗೆಯ ಮೇಲೆ ಮಲಗಿದಂತಾಗುತ್ತದೆ. ಅದರ ಕೆಳಗೆ ದಪ್ಪ ಫೋಮ್ ಹಾಸಿಗೆಯೂ ಇರಲಿ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೂರಿಸಿ, ಗಲ್ಲ ತುಸು ತಗ್ಗಿಸಿ, ಚಮಚದಲ್ಲಿ ಮಂದವಾದದ್ದನ್ನು ಕೊಟ್ಟು, ಅರ್ಧ ಗಂಟೆ ಹಾಗೇ ಕೂರಿಸಬೇಕು. ಅಪಸ್ಮಾರದ ಮಾತ್ರೆ ಆಸ್ಪತ್ರೆಯ ಸ್ಟಾಕಿನಲ್ಲಿ ಇಲ್ಲವೆಂದರೆ ಬಡ ಮನೆಯವರು ಇದ್ದದ್ದನ್ನು ಅರ್ಧ ಮಾಡಿ ಕೊಡುತ್ತಾರೆ, ಆಗ ಫಿಟ್ಸ್ ಕೈಮೀರುತ್ತದೆ. ಪ್ರತಿ ರೋಗಿಗೆ ಎರಡು ವಾರದ ಮಾತ್ರೆ ಕೈಯಲ್ಲಿರುವಂತೆ ಒಂದು ಸಣ್ಣ ನಿಧಿ ಇಟ್ಟರೆ ಹಲವು ಅಡ್ಮಿಷನ್ ತಪ್ಪುತ್ತದೆ. ನೀವು ಕೊಡಬಹುದಾದ ಹಣದಲ್ಲಿ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣುವುದಿಲ್ಲ.

ಗಾಲಿಕುರ್ಚಿ ತರಬೇಡಿ ಎನ್ನುವುದಿಲ್ಲ, ಅಳತೆ ತೆಗೆಯದೆ ತರಬೇಡಿ. ದೊಡ್ಡವರ ಕುರ್ಚಿಯಲ್ಲಿ ಎಂಟು ವರ್ಷದ ಮಗು ಒಂದು ಬದಿಗೆ ವಾಲಿ ಬೆನ್ನುಮೂಳೆ ಬಾಗುತ್ತದೆ. ಅಲ್ಲದೆ ಮನೆಗಳೆಲ್ಲ ರಸ್ತೆಯಿಂದ ಕೆಳಗೆ, ಮುರಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕಾದಲ್ಲಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಎಷ್ಟೋ ಮನೆಗಳಿಗೆ ಕುರ್ಚಿಗಿಂತ ಮೊದಲು ಬೇಕಾದದ್ದು ಮೂರಡಿ ಅಗಲದ ಕಾಂಕ್ರೀಟು ದಾರಿ. ಮಕ್ಕಳ ಫೋಟೋ ತೆಗೆದು ದಾನಿಗಳಿಗೆ ಕಳಿಸುವ ಅಭ್ಯಾಸ ದಯವಿಟ್ಟು ಗಡಿಯಾಚೆಗೇ ಬಿಟ್ಟು ಬನ್ನಿ. ಈ ಮಕ್ಕಳ ದೇಹವನ್ನು ಜಗತ್ತು ಬೇಕಾದಷ್ಟು ನೋಡಿದೆ.

ಬುದ್ಧಿಮಾಂದ್ಯ ಮಕ್ಕಳಿಗೆಂದೇ ಇರುವ ಪಂಚಾಯತುಗಳ ಬಡ್ಸ್ ಶಾಲೆಗಳು 18ರೊಳಗಿನವರನ್ನು ಹಗಲು ನೋಡಿಕೊಳ್ಳುತ್ತವೆ, ದೊಡ್ಡವರಿಗೆ ಬೇರೆ ಪುನರ್ವಸತಿ ಕೇಂದ್ರಗಳಿವೆ. ಶಾಲೆಯ ವ್ಯಾನು ಬಂದ ದಿನ ಅಮ್ಮನಿಗೆ ಬೀಡಿ ಕಟ್ಟಲೋ ತೊಳಿಲುರಪ್ಪಿನ (ಉದ್ಯೋಗ ಖಾತರಿಯ) ಕೂಲಿಗೋ ಹೋಗಲು ಆಗುತ್ತದೆ. ವ್ಯಾನು ಕೆಟ್ಟರೆ ಆ ದಿನದ ಸಂಪಾದನೆ ಹೋಯಿತು. ರಜೆಯ ತಿಂಗಳುಗಳಲ್ಲಿ ಮಗು ಇಡೀ ದಿನ ಮನೆಯಲ್ಲೇ, ಅಮ್ಮನೂ ಮನೆಯಲ್ಲೇ. ನಿಮ್ಮ ಸಂಸ್ಥೆ ಈ ವರ್ಷವೇ ಏನಾದರೂ ಮಾಡುವುದಿದ್ದರೆ ಶಾಲೆಯವರನ್ನೂ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದವರನ್ನೂ ಕೇಳಿ, ಏಪ್ರಿಲ್ ಮೇ ಎರಡು ತಿಂಗಳಿಗೆ ತುಳು ಬಲ್ಲ ಇಬ್ಬರು ಸಹಾಯಕಿಯರ ಸಂಬಳ ಮತ್ತು ವ್ಯಾನಿನ ಡೀಸೆಲ್ ವಹಿಸಿಕೊಳ್ಳಿ. ಮಾತುಕತೆ ಜನವರಿಯಲ್ಲೇ ಮುಗಿಸಿದರೆ ಪಂಚಾಯತಿನ ಒಪ್ಪಿಗೆ ಸಮಯಕ್ಕೆ ಸರಿಯಾಗಿ ಸಿಗುತ್ತದೆ.