ಮೇಷ್ಟ್ರು ತಲೆ ಎಣಿಸಿದ ದಿನ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಎರಡನೇ ಸಲ ಓದುವಾಗ ಅಷ್ಟು ನಗು ಬರಲಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಅದರ ಸಾರ ಹೇಳಿಬಿಡುತ್ತೇನೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು ನೀವು. ಕಾಲು ಉಳುಕಿ ಮನೆಯಲ್ಲೇ ಕೂರಬೇಕಾಗಿ ಬಂದ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಟಿವಿಯಲ್ಲಿ ಲೋಕಸಭೆ ನೋಡಿದಿರಿ. ಬೆಳಿಗ್ಗೆ ಬರೀ ಗಲಾಟೆ. ಮಧ್ಯಾಹ್ನ ಬೆಂಚೆಲ್ಲ ಖಾಲಿ. ಹಳೇ ಅಭ್ಯಾಸ, ತಲೆ ಎಣಿಸಿದಿರಿ. ನಲವತ್ತು ದಾಟಲಿಲ್ಲ. ಆಗಲೇ ಒಂದು ಮಸೂದೆ ಪಾಸಾಗಿಹೋಯಿತು. "ಪೀಠದಲ್ಲಿದ್ದವರು ಮಂತ್ರ ಹೇಳಿದ ಹಾಗೆ ಏನೋ ಓದಿದರು, ಇವರು ಹಾಂ ಹಾಂ ಅಂದರು. ನಮ್ಮನೆ ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ದೇಶಕ್ಕೊಂದು ಕಾನೂನು ತಯಾರು" ಎಂದು ಬರೆದಿದ್ದೀರಿ. ಜೊತೆಗೆ ಮೂರು ಪ್ರಶ್ನೆ. ಇಷ್ಟು ಕಮ್ಮಿ ಹಾಜರಿ ಇದ್ದರೆ ಕೇಳುವವರು ಯಾರೂ ಇಲ್ವಾ? ಬೆಳಿಗ್ಗೆಯ ಗಲಾಟೆಯಿಂದ ಯಾರಿಗೆ ಲಾಭ? ಕಾನೂನು ಮಾಡೋದು ಅಂದರೆ ಇಷ್ಟೇನಾ?

ಹಾಜರಿಯಿಂದಲೇ ಶುರು ಮಾಡೋಣ, ಅದು ನಿಮ್ಮ ಕ್ಷೇತ್ರ. ಸಂವಿಧಾನದ 100ನೇ ವಿಧಿ ಪ್ರಕಾರ ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತರಲ್ಲಿ ಒಂದು ಪಾಲು ಇರಬೇಕು. 543ರಲ್ಲಿ ಹತ್ತನೇ ಒಂದು ಎಂದರೆ 55. ನಿಮ್ಮ ಎಣಿಕೆ ಸರಿಯಿದ್ದರೆ ಆ ಹೊತ್ತಿನಲ್ಲಿ ಕೋರಂ ಇರಲಿಲ್ಲ. ಆದರೆ ಟಿವಿ ಕ್ಯಾಮೆರಾ ಎಲ್ಲ ಬೆಂಚುಗಳನ್ನೂ ಒಟ್ಟಿಗೆ ತೋರಿಸುವುದಿಲ್ಲ, ಆ ಅನುಮಾನದ ಲಾಭವನ್ನು ಅವರಿಗೆ ಕೊಡೋಣ. ರೂಢಿಯಲ್ಲಿ, ಯಾರಾದರೂ ಸದಸ್ಯರು ಎದ್ದು "ಕೋರಂ ಇಲ್ಲ" ಎನ್ನುವ ತನಕ ಯಾರೂ ತಲೆ ಎಣಿಸಲು ಹೋಗುವುದಿಲ್ಲ. ಎದ್ದು ಹೇಳಿದರೆ ಗಂಟೆ ಬಾರಿಸುತ್ತಾರೆ, ಲಾಬಿಯಲ್ಲಿದ್ದವರು, ಕ್ಯಾಂಟೀನಿನಲ್ಲಿದ್ದವರು ಓಡಿ ಬರುತ್ತಾರೆ.

ಇನ್ನು ಕೇಳುವವರು ಇದ್ದಾರೋ ಇಲ್ಲವೋ? ಇದ್ದಾರೆ, ಆದರೆ ನಿಮ್ಮ ಹೆಡ್‌ಮಾಸ್ಟರಷ್ಟು ಕಟ್ಟುನಿಟ್ಟಲ್ಲ. ಒಪ್ಪಿಗೆ ಪಡೆಯದೆ 60 ದಿನ ಗೈರಾದರೆ ಸದನವು ಆ ಸ್ಥಾನವನ್ನು ಖಾಲಿ ಎಂದು ಘೋಷಿಸಬಹುದು, ಅದು 101ನೇ ವಿಧಿ. ಮಂತ್ರಿಗಳು ಹಾಜರಿ ಹಾಕಬೇಕಾಗಿಲ್ಲ. ಉಳಿದವರು ಹಾಜರಿ ಹಾಕಿದರೆ ದಿನಭತ್ಯೆ ಸಿಗುತ್ತದೆ. ಆ ಹಾಜರಿ ಪುಸ್ತಕ ಬಹಳ ಕಾಲ ಸದನದ ಒಳಗಲ್ಲ, ಹೊರಗಿನ ಲಾಬಿಯಲ್ಲಿ ಇರುತ್ತಿತ್ತು. ಹಾಜರಿ ಕೂಗಿದ ಮೇಲೆ ಕಿಟಕಿ ಹಾರಿ ಹೋಗುವ ಹುಡುಗರ ಬಗ್ಗೆ ನಿಮಗೆ ನಾನು ಹೇಳಬೇಕಾ?

ಆದರೂ ಒಂದು ಮಾತು. ಖಾಲಿ ಬೆಂಚು ನೋಡಿ ಎಲ್ಲರೂ ಮಲಗಿದ್ದಾರೆ ಅಂದುಕೊಳ್ಳಬೇಡಿ. ಸದನದ ಹೊರಗೆ ಕೂತು ಮಸೂದೆ, ಲೆಕ್ಕಪತ್ರ ಓದುವ ಸಂಸದರ ಸಮಿತಿಗಳಿವೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳೇ 24, ಒಂದೊಂದರಲ್ಲಿ 31 ಸಂಸದರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಇರುವುದು.

ಈಗ ಬೆಳಿಗ್ಗೆಯ ಗಲಾಟೆ. ಲೋಕಸಭೆಯಲ್ಲಿ ದಿನದ ಮೊದಲ ಗಂಟೆ, ಅಂದರೆ ಸಾಮಾನ್ಯವಾಗಿ ಹನ್ನೊಂದರಿಂದ ಹನ್ನೆರಡು, ಪ್ರಶ್ನೋತ್ತರ ವೇಳೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು. ಇನ್ನು 230 ಚುಕ್ಕೆ ಇಲ್ಲದವು, ಅವಕ್ಕೆ ಬರಹದಲ್ಲಿ ಉತ್ತರ. ನೋಡುವವರಿಗೆ ಇದು ಸಪ್ಪೆ. ಸ್ಪೀಕರ್ ಪ್ರಶ್ನೆಯ ನಂಬರ್ ಕೂಗುತ್ತಾರೆ, ಮಂತ್ರಿ ಎದ್ದು "ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ" ಎಂದು ಕೂರುತ್ತಾರೆ. ಅಸಲಿ ಆಟ ಅಲ್ಲಿಂದ ಶುರು. ಇಟ್ಟ ಉತ್ತರ ಅಧಿಕಾರಿಗಳು ವಾರಗಟ್ಟಲೆ ತಿದ್ದಿ ತೀಡಿ ಬರೆದದ್ದು. ಸದಸ್ಯ ಎದ್ದು ಕೇಳುವ ಉಪಪ್ರಶ್ನೆ ಮಾತ್ರ ಯಾರಿಗೂ ಮುಂಚೆ ಗೊತ್ತಿರುವುದಿಲ್ಲ. ಮಂತ್ರಿಗೆ ತನ್ನ ಇಲಾಖೆ ಗೊತ್ತೋ ಇಲ್ಲವೋ ಎನ್ನುವುದು ಆ ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವುದು, ಮಂತ್ರಿ ಅದನ್ನು ಬಿಡಿಸಿ ಓದುವುದು, ಚೀಟಿ ಬರುವ ತನಕ ಸುಮ್ನೆ ಮಾತು ಎಳೆಯುವುದು! ಕಪ್ಪುಹಲಗೆಯ ಮುಂದೆ ನಿಂತ ಹುಡುಗ, ಹಿಂದಿನ ಬೆಂಚಿನ ಗೆಳೆಯ. ನಿಮಗೆ ಚೆನ್ನಾಗಿ ಅರ್ಥವಾಗುವ ದೃಶ್ಯ.

ಈಗ ಲೆಕ್ಕ ಹಾಕಿ. ಹನ್ನೊಂದಕ್ಕೆ ಸದನ ಸೇರಿತು, ಹನ್ನೊಂದು ಐದಕ್ಕೆ ಗಲಾಟೆ, ಹನ್ನೆರಡರ ತನಕ ಮುಂದೂಡಿಕೆ. ಆ ಇಪ್ಪತ್ತು ಪ್ರಶ್ನೆಗಳ ಬರಹದ ಉತ್ತರ ಹೇಗೂ ಕಡತಕ್ಕೆ ಸೇರುತ್ತದೆ. ಹೋದದ್ದು ಉಪಪ್ರಶ್ನೆ ಒಂದೇ. ಅಂದರೆ ಮಂತ್ರಿ ಬಚಾವ್. ವಿರೋಧ ಪಕ್ಷದವರು ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಖಾಲಿ ಜಾಗಕ್ಕೆ, ಇಳಿದು ಸರ್ಕಾರವನ್ನು ಕಟ್ಟಿಹಾಕಿದೆವು ಅಂದುಕೊಳ್ಳುತ್ತಾರೆ. ನನಗಂತೂ ಅದು ಪರೀಕ್ಷೆ ಬಹಿಷ್ಕಾರ ಮಾಡಿ ಪರೀಕ್ಷಕರಿಗೆ ರಜೆ ಕೊಟ್ಟ ಹಾಗೆ ಕಾಣುತ್ತದೆ. ಅವರ ಕಷ್ಟವೂ ಸುಳ್ಳಲ್ಲ ಬಿಡಿ. ಬೇಕಾದ ವಿಷಯದ ಮೇಲೆ ಚರ್ಚೆಗೆ ನೋಟಿಸ್ ಕೊಟ್ಟು ಕೊಟ್ಟು ಸಿಗದಿದ್ದಾಗ ಕೂಗುವುದೊಂದೇ ದಾರಿ ಅನಿಸುತ್ತದೆ. 2020ರ ಮಳೆಗಾಲದ ಅಧಿವೇಶನದಲ್ಲಿ ಕೊರೊನಾ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು, ಬರಹದ ಉತ್ತರ ಮಾತ್ರ ಉಳಿಯಿತು. ಆಗ ಇದೇ ವಿರೋಧ ಪಕ್ಷದವರು ಅದಕ್ಕಾಗಿ ಎಷ್ಟು ಜಗಳವಾಡಿದರು! ಕೈಯಲ್ಲಿದ್ದಾಗ ಬೆಲೆ ಗೊತ್ತಾಗಲಿಲ್ಲ, ಅಷ್ಟೇ.

ಹನ್ನೆರಡಕ್ಕೆ ಶೂನ್ಯವೇಳೆ. ಕಲಾಪ ನಡೆಸುವ ನಿಯಮದ ಪುಸ್ತಕದಲ್ಲಿ ಆ ಹೆಸರೇ ಇಲ್ಲ, ರೂಢಿಯಿಂದ ಬಂದದ್ದು. ಸದಸ್ಯರು ತಂತಮ್ಮ ಕ್ಷೇತ್ರದ ರೈಲು, ರಸ್ತೆ, ಬೆಳೆ ಹಾನಿ ಹೇಳಿಕೊಳ್ಳುವ ಹೊತ್ತು.

ಇಲ್ಲೊಂದು ಅಡ್ಡಮಾತು. "ಇಡೀ ದಿನದಲ್ಲಿ ಕನ್ನಡದ ಒಂದು ಪದ ಕಿವಿಗೆ ಬೀಳಲಿಲ್ಲ" ಎಂದು ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೀರಿ. ಅದನ್ನೂ ಓದಿದೆ. 120ನೇ ವಿಧಿ ಪ್ರಕಾರ ಸಂಸತ್ತಿನ ಕೆಲಸ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲೂ ಸರಿಯಾಗಿ ಹೇಳಲಾಗದವರಿಗೆ ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಒಪ್ಪಿಗೆ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲೇ ಮಾತಾಡಿದರು. ಅಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ಪಟೇಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತೇನಲ್ಲ, ಅವರು ಕಾನೂನು ಓದಿದವರು. ಈಗ ಕನ್ನಡಕ್ಕೂ ಅನುವಾದಕರು ಇದ್ದಾರೆ. ಮಾತಾಡುವವರು ಎಲ್ಲಿ ಎನ್ನುವುದು ಬೇರೆ ಪ್ರಶ್ನೆ.

ಈಗ ನಿಮ್ಮ ಕುಕ್ಕರ್ ಮಸೂದೆ.

ನೀವು ಮಂತ್ರ ಅಂದದ್ದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಮೊದಲು "ಮಸೂದೆಯನ್ನು ಪರಿಗಣಿಸಬೇಕು" ಎಂಬ ಪ್ರಸ್ತಾವ, ಅದರ ಮೇಲೆ ಚರ್ಚೆ, ಮಂತ್ರಿಯ ಉತ್ತರ. ಅದು ಮುಗಿದ ಮೇಲೆ ಒಂದೊಂದೇ ಖಂಡವನ್ನು, ಅಂದರೆ ಮಸೂದೆಯ ನಂಬರ್ ಹಾಕಿದ ಒಂದೊಂದು ಭಾಗವನ್ನು, ಮತಕ್ಕೆ ಹಾಕುತ್ತಾರೆ. ತಿದ್ದುಪಡಿ ಕೊಟ್ಟವರಿದ್ದರೆ ಆಯಾ ಖಂಡ ಬಂದಾಗ ನಿಲ್ಲಬೇಕು. ಯಾರೂ ಕೊಟ್ಟಿಲ್ಲದಿದ್ದರೆ "2ರಿಂದ 14ನೇ ಖಂಡ ಮಸೂದೆಯ ಭಾಗವಾಗಿರಲಿ" ಎಂದು ಹದಿಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಒಪ್ಪುವವರು ಹಾಂ, ಒಪ್ಪದವರು ನಾ. ಯಾವ ಕೂಗು ಜೋರೋ ಅದು ಗೆದ್ದಿತು, ಇದೇ ಧ್ವನಿಮತ. ಅದಾದ ಮೇಲೆ 1ನೇ ಖಂಡ, ಶಾಸನ ವಾಕ್ಯ, ಕೊನೆಗೆ ಮಸೂದೆಯ ಉದ್ದೇಶ ಹೇಳುವ ಉದ್ದ ಹೆಸರು.

ಗಣಿತದ ಮೇಷ್ಟ್ರಿಗೆ ಒಂದು ಕೊನೆಗೆ ಬಂದರೆ ಹೇಗೋ ಆಗುತ್ತದೆ ಅಲ್ವಾ? ಕಾರಣ ಇದೆ. 1ನೇ ಖಂಡದಲ್ಲಿ ಇರುವುದು ಕಾಯ್ದೆಯ ಹೆಸರು, ಇಸವಿ, ಅದು ಯಾವಾಗ ಜಾರಿಗೆ ಬರುತ್ತದೆ ಎನ್ನುವ ಮಾತು. ಮಗು ಹುಟ್ಟಿದ ಮೇಲೆ ತಾನೇ ನಾಮಕರಣ? ಶಾಸನ ವಾಕ್ಯದಲ್ಲಿ ಗಣರಾಜ್ಯದ ಎಷ್ಟನೇ ವರ್ಷ ಎಂದು ಬರೆದಿರುತ್ತದೆ. 2023ರ ಕಾಯ್ದೆಗಳಲ್ಲಿ "ಎಪ್ಪತ್ತನಾಲ್ಕನೇ ವರ್ಷ" ಎಂದಿದೆ. ಒಂದು ವರ್ಷ ಮಂಡಿಸಿದ ಮಸೂದೆ ಮುಂದಿನ ವರ್ಷ ಪಾಸಾದರೆ ಆ ಒಂದು ಪದ ಬದಲಿಸಲು ಮಂತ್ರಿ ಎದ್ದು ನಿಂತು ತಿದ್ದುಪಡಿ ಮಂಡಿಸಬೇಕು, ಸದನ ಅದನ್ನೂ ಮತಕ್ಕೆ ಹಾಕಬೇಕು. ನನಗೆ ಈ ಮಡಿವಂತಿಕೆ ಇಷ್ಟ. ಒಂದು ಪದವೂ ಸದನ ಹಾಂ ಅನ್ನದೆ ಬದಲಾಗಬಾರದು ಎಂಬ ಹಟ ಅದು.

ಧ್ವನಿಮತ ಒಪ್ಪದವರು ಮತ ಎಣಿಕೆ ಕೇಳಬಹುದು. ಆಗ ಮೂರೂವರೆ ನಿಮಿಷ ಗಂಟೆ ಹೊಡೆಯುತ್ತದೆ, ಬಾಗಿಲು ಮುಚ್ಚುತ್ತಾರೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು ಹಾಗೆ ಎಣಿಸಿದಾಗಲೇ, 269ಕ್ಕೆ 270. ಸಂವಿಧಾನ ತಿದ್ದುಪಡಿ ಮಸೂದೆಗೆ ಧ್ವನಿಮತ ಸಾಲದು, ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ 2. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕಿತ್ತು, ಮತ ಹಾಕಿದವರಲ್ಲಿ ಮೂರನೇ ಎರಡು ಬೇಕಿತ್ತು. ಎರಡೂ ದಾಟಿತೋ ಇಲ್ಲವೋ ನೀವೇ ನೋಡಿಕೊಳ್ಳಿ.

ಹಾಗಾದರೆ ಮೂರು ಸೀಟಿಯಲ್ಲಿ ಪಾಸಾದದ್ದು ತಪ್ಪೋ ಸರಿಯೋ? ನಿಮ್ಮ ಸಿಟ್ಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು ಅನಿಸುವುದು ನನಗೆ ಇಲ್ಲಿಯೇ. ಸದನದಲ್ಲಿ ಎಷ್ಟು ನಿಮಿಷ ಹಿಡಿಯಿತು ಎನ್ನುವುದಕ್ಕಿಂತ ಅದಕ್ಕೂ ಮುಂಚೆ ಯಾರಾದರೂ ಕೂತು ಓದಿದ್ದರೋ ಎಂದು ನೋಡಬೇಕು.

ಬಾಡಿಗೆ ತಾಯ್ತನದ ಮಸೂದೆಯ ಕಥೆ ಕೇಳಿ. 2019ರ ಆಗಸ್ಟಿನಲ್ಲಿ ಲೋಕಸಭೆ ಅದನ್ನು ಪಾಸು ಮಾಡಿತು. ಹತ್ತಿರದ ಸಂಬಂಧಿಕಳೇ ಬಾಡಿಗೆ ತಾಯಿ ಆಗಬೇಕು ಎಂದು ಅದರಲ್ಲಿತ್ತು. ತಾಯಿಗೆ 16 ತಿಂಗಳ ವಿಮೆ ಎಂದಿತ್ತು. ರಾಜ್ಯಸಭೆ ಅದನ್ನು ಹಾಗೇ ಬಿಡದೆ ಆಯ್ಕೆ ಸಮಿತಿಗೆ, ಅಂದರೆ ಆ ಒಂದೇ ಮಸೂದೆ ಓದಲು ಸದಸ್ಯರನ್ನು ಆರಿಸಿ ಮಾಡಿದ ಸಮಿತಿಗೆ, ಕಳಿಸಿತು. ಸಮಿತಿಯವರು ವೈದ್ಯರನ್ನು, ವಕೀಲರನ್ನು ಕರೆಸಿ ಮಾತಾಡಿಸಿದರು. 2020ರ ಫೆಬ್ರವರಿಯಲ್ಲಿ ವರದಿ ಬಂತು. ಸಂಬಂಧಿಕಳೇ ಏಕೆ, ಮನಸ್ಸಿನಿಂದ ಒಪ್ಪುವ ಹೆಂಗಸು ಸಾಕು ಎಂದರು. ವಿಮೆಯನ್ನು 36 ತಿಂಗಳಿಗೆ ಏರಿಸಿ ಎಂದರು. ವಿಧವೆಗೂ ವಿಚ್ಛೇದಿತೆಗೂ ಅವಕಾಶ ಇರಲಿ ಎಂದರು. 2021ರ ಡಿಸೆಂಬರಿನಲ್ಲಿ ಪಾಸಾದ ಕಾಯ್ದೆಯಲ್ಲಿ ಈ ಮೂರೂ ಇವೆ. ಅಲ್ಲಿ ಟಿವಿ ಇರಲಿಲ್ಲ, ಬಾವಿಗೆ ಇಳಿಯುವವರೂ ಇರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಬೇರೆ ಬೇರೆ ಪಕ್ಷದವರು ಒಂದೊಂದೇ ಸಾಲು ಓದಿದರು. ಸಂಬಂಧಿಕರಲ್ಲಿ ಯಾರೂ ಸಿಗದ ಹೆಂಗಸಿಗೆ ಅದರಿಂದ ಬದುಕೇ ಬೇರೆಯಾಯಿತು.

ಹೀಗೆ ಓದಿ ಬಂದ ಮಸೂದೆಗೆ ಮೂರು ಸೀಟಿ ಸಾಕು. ಓದದೆ ಬಂದದ್ದಕ್ಕೆ ಮೂರು ದಿನವೂ ಸಾಲದು. ನನ್ನ ಚಿಂತೆ ಇರುವುದು ಇಲ್ಲಿ. ಸಂಸತ್ತಿನ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಸಂಸ್ಥೆಯ ಪ್ರಕಾರ, 15ನೇ ಲೋಕಸಭೆಯಲ್ಲಿ (2009–14) ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಅದು 16ಕ್ಕೆ ಇಳಿಯಿತು. ಸದನ ಸೇರುವ ದಿನಗಳೂ ಹಾಗೇ. ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಕೂತಿತ್ತು. 17ನೆಯದು 274 ದಿನ.

ಇದು ಒಂದೇ ಪಕ್ಷದ ದೋಷ ಅಂತ ನಾನು ಹೇಳುವುದಿಲ್ಲ. 2014ರ ಫೆಬ್ರವರಿ 18ರಂದು ತೆಲಂಗಾಣ ಮಸೂದೆ ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾಗುವಾಗ ಟಿವಿಯ ನೇರ ಪ್ರಸಾರವೇ ನಿಂತುಹೋಗಿತ್ತು. ಆಗ ಇದ್ದದ್ದು ಯುಪಿಎ ಸರ್ಕಾರ. 2021ರ ನವೆಂಬರ್ 29ರಂದು ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯೇ ಇಲ್ಲದೆ, ನಿಮಿಷಗಳಲ್ಲಿ ಮುಗಿಯಿತು. ಆಗ ಎನ್‌ಡಿಎ. ಒಂದು ವರ್ಷ ರೈತರು ಬೀದಿಯಲ್ಲಿ ಕೂತಿದ್ದ ವಿಷಯ ಅದು. ಯಾಕೆ ತಂದೆವು, ಯಾಕೆ ತೆಗೆದೆವು ಎಂದು ಒಂದು ಗಂಟೆ ಮಾತಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಅವತ್ತು ಬೆಂಚುಗಳು ಖಾಲಿ ಇರಲಿಲ್ಲ, ಮೇಷ್ಟ್ರೇ. ಹಾಜರಿ ಚೆನ್ನಾಗಿಯೇ ಇತ್ತು.

ನೀವು ನೋಡಿದ್ದು ಯಾವ ಮಸೂದೆ ಎಂದು ಕಾಗದದಲ್ಲಿ ಬರೆದಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ಹೆಸರನ್ನು ಕೊನೆಗೆ ಓದುತ್ತಾರೆ ಅಂದೆನಲ್ಲ, ಅಷ್ಟರಲ್ಲಿ ನೀವು ಕುಕ್ಕರ್ ಆರಿಸಲು ಎದ್ದಿರಬೇಕು. ದಿನಾಂಕ ನೆನಪಿದ್ದರೆ ಒಂದು ಕಾರ್ಡು ಹಾಕಿ. ಆ ದಿನದ ಕಲಾಪ ಪಟ್ಟಿ ತೆಗೆದು, ಅದು ಸಮಿತಿಗೆ ಹೋಗಿ ಬಂದದ್ದೋ, ನೇರ ಬಂದದ್ದೋ ನೋಡಿ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ಕಾಲಿನ ಉಳುಕು ಹೇಗಿದೆ ಅಂತಲೂ ಬರೆಯಿರಿ.

ನಿಮ್ಮ,
ಸಂಪಾದಕ