ಸಾರಾಂಶ ಆಮೇಲೆ, ಮೊದಲು ಪದ್ಯ ಓದಿ ಟೀಚರ್

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಿಂದ ಟೀಚರ್ ಒಬ್ಬರು ಬರೆದಿದ್ದಾರೆ: "ನಮ್ಮ ಐದನೇ ಕ್ಲಾಸಿನ ಹುಡುಗರಿಗೆ ಪದ್ಯ ಬಾಯಿಪಾಠ ಬರ್ತದ, ಪ್ರಶ್ನೋತ್ತರ ಬರ್ತದ. ಆದ್ರ ಪುಸ್ತಕದಾಗ ಇಲ್ಲದ ಸಣ್ಣ ಕಥಿ ಕೊಟ್ರ ಓದಿ ಏನಂತ ಹೇಳಾಕ ಬರಂಗಿಲ್ಲ. ಬರೆಯೋದಂತೂ ಮಾತಾಡಿದಂಗ ಬರಿತಾರ, ಕೆಂಪು ಪೆನ್ನು ಹಿಡ್ದು ತಿದ್ದಿ ಸಾಕಾಗೇದ. ಸಿಲಬಸ್ ಮುಗಿಸ್ಲೋ, ಸಾಹಿತ್ಯ ಕಲಿಸ್ಲೋ?"

ನಮಸ್ಕಾರ ಟೀಚರ್. ನಿಮ್ಮ ಪತ್ರ ಎರಡು ದಿನ ನನ್ನ ಟೇಬಲ್ ಮೇಲೇ ಇತ್ತು, ಬೇರೆ ಕೆಲಸ ಮಾಡ್ತಾ ಇದ್ರೂ ಅದೇ ತಲೇಲಿ. ಪತ್ರಿಕೆಗೆ ಬರೋ ಮುಂಚೆ ಆರು ವರ್ಷ ನಾನೂ ಐದು, ಆರನೇ ಕ್ಲಾಸಿಗೆ ಕನ್ನಡ ಹೇಳ್ಕೊಟ್ಟವನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಒಂದು ಮಾತು, ಇದರಲ್ಲಿ ಮಕ್ಕಳ ತಪ್ಪಿಲ್ಲ, ನಿಮ್ಮದೂ ಅಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ ಅನ್ನೋ ಚಟುವಟಿಕೆಯಿಂದ ಕಲಿಯೋ ಪದ್ಧತಿ ಇರುತ್ತೆ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿದ್ದು. ಕಾರ್ಡ್ ಹಿಡ್ಕೊಂಡು ಗುಂಪಲ್ಲಿ ಕೂತು, ಅವರವರ ವೇಗಕ್ಕೆ ಕಲಿಕಾ ಏಣಿ ಹತ್ತಿಕೊಂಡು ಬಂದ ಮಗು ನಾಲ್ಕಕ್ಕೆ ಬರ್ತಿದ್ದಂಗೆ ಸಾಲಾಗಿ ಕೂತು, ಎರಡು ಮೂರು ಪುಟದ ಪಾಠ, ಅದರ ಕೆಳಗೆ ಪದಗಳ ಅರ್ಥ, ಬಿಟ್ಟ ಸ್ಥಳ, ಯಾರು ಯಾರಿಗೆ ಹೇಳಿದರು, ಎಲ್ಲಾ ಒಟ್ಟಿಗೇ ಎದುರಿಸಬೇಕು. ಅಕ್ಷರ ಕೂಡಿಸೋಕೆ ಬಂತು ಸರಿ, ಉದ್ದದ ಬರಹ ಹಿಡ್ಕೊಂಡು ಅದರೊಳಗೆ ನಡೆಯೋದು ಯಾರೂ ಅಭ್ಯಾಸ ಮಾಡಿಸಿರಲ್ಲ. ಆ ಗ್ಯಾಪ್ ತುಂಬೋಕೆ ನಾವೇನ್ ಮಾಡ್ತೀವಿ ಅಂದ್ರೆ ಮೊದಲ ಪೀರಿಯಡ್ಡಲ್ಲೇ ಸಾರಾಂಶ ಹೇಳಿಬಿಡ್ತೀವಿ. ಪಾಪ, ಸಹಾಯ ಆಗಲಿ ಅಂತಲೇ ಹೇಳೋದು. ಆದ್ರೆ ಏನಿದೆ ಅಂತ ಟೀಚರೇ ಹೇಳಿದ ಮೇಲೆ ಮಗು ಯಾಕೆ ಓದುತ್ತೆ?

ಗೋವಿನ ಹಾಡು ತಗೊಳ್ಳಿ. ನಾನು ಮೊದಲ ವರ್ಷ ಅದನ್ನ "ಸತ್ಯವೇ ದೇವರು ಅಂತ ಹೇಳೋ ಪದ್ಯ ಇದು" ಅಂತಲೇ ಶುರು ಮಾಡಿದ್ದೆ, ಮಕ್ಕಳು ತಲೆ ಆಡಿಸಿದ್ರು, ಪರೀಕ್ಷೇಲಿ ಅದನ್ನೇ ಬರೆದ್ರು, ಅಷ್ಟೇ, ಮುಗೀತು. ಮುಂದಿನ ವರ್ಷ ಏನೂ ಹೇಳದೆ ಬರೀ ಹಾಡಿದೆ. ಎರಡನೇ ಸಲ ಹಾಡುವಾಗ ಚಪ್ಪಾಳೆ ಹಾಕಿಸಿದೆ, "ಮುಂದೆ" ಅನ್ನೋಕೆ ಮೂರು ಮಾತ್ರೆ (ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ), "ಬಂದರೆ" ಅನ್ನೋಕೆ ನಾಲ್ಕು, ಮತ್ತೆ "ಹಾಯ" ಮೂರು, "ಬೇಡಿ" ಅನ್ನೋದನ್ನ ಒಂಚೂರು ಎಳೆದ್ರೆ ನಾಲ್ಕು. ಛಂದಸ್ಸಿನ ಗಣ, ಪ್ರಸ್ತಾರ ಅನ್ನೋ ಮಾತೇ ಎತ್ತಲಿಲ್ಲ, ಅದು ಹೈಸ್ಕೂಲಿಗೆ ಇರಲಿ. ಕೈಗೆ ಮೂರು-ನಾಲ್ಕು ಸಿಕ್ತು, ಸಾಕು.

ಆಮೇಲೆ "ಹಾಯಬೇಡಿ ಅಂದ್ರೆ ಏನು" ಅಂತ ಕೇಳಿದೆ. ಕ್ಲಾಸಲ್ಲಿ ಯಾವತ್ತೂ ಬಾಯಿ ಬಿಡದೆ ಹಿಂದೆ ಕೂರ್ತಿದ್ದ ಹುಡುಗ ಎದ್ದು ನಿಂತು, ತಲೆ ಬಗ್ಗಿಸಿ ಕೊಂಬು ಮುಂದೆ ಮಾಡಿ ಹಸು ಹೆಂಗೆ ಹಾಯುತ್ತೆ ಅಂತ ಮಾಡೇ ತೋರಿಸ್ದ. ಅವರ ಮನೇಲಿ ನಾಲ್ಕು ಹಸು ಇದ್ವು. ಬೇರೆ ಹಸುವಿನ ಕರು ಹತ್ರ ಬಂದ್ರೆ ಒದ್ದು ಓಡಿಸ್ತಾವೆ ಸಾರ್, ಅದಕ್ಕೇ ಪುಣ್ಯಕೋಟಿ ಹಂಗೆ ಕೇಳ್ಕೊಳ್ಳೋದು ಅಂದ. ಅಂದ್ರೆ ತಬ್ಬಲಿ ಆಗೋ ಕರುಗೆ ಮೊದಲ ಅಪಾಯ ಹುಲಿಯಿಂದ ಅಲ್ಲ, ಸ್ವಂತ ಹಟ್ಟಿಯಿಂದಲೇ. ಇದು ನನಗೆ ಹೊಳೆದಿರಲಿಲ್ಲ, ಯಾವ ಗೈಡಲ್ಲೂ ಇರಲಿಲ್ಲ. ಅವತ್ತು ಪೂರ್ತಿ ಪೀರಿಯಡ್ ಅದೇ ಮಾತು. ಕೊನೆಗೆ ಒಬ್ಬಳು, ಹುಲಿ ಒಳ್ಳೇದಾಯ್ತಲ್ಲ, ಮತ್ತೆ ಯಾಕೆ ಸಾಯ್ಬೇಕಿತ್ತು ಅಂದ್ಲು. ನಾನು ಉತ್ತರ ಹೇಳಲಿಲ್ಲ, ಮನೇಲಿ ಅಜ್ಜಿನ ಕೇಳ್ಕೊಂಡು ಬನ್ನಿ ಅಂದೆ. ಮಾರನೇ ದಿನ ಒಬ್ಬೊಬ್ಬರದೂ ಒಂದೊಂದು ಉತ್ತರ. ಸಾಹಿತ್ಯ ಕಲಿಸೋದು ಅಂದ್ರೆ ಇದೇ ಅಂತ ನಾನು ನಂಬಿದ್ದೀನಿ ಟೀಚರ್, ಹತ್ತು ವರ್ಷದ ಮಗುಗೂ ಪದ್ಯದ ಜೊತೆ ವಾದ ಮಾಡೋ ಹಕ್ಕಿದೆ.

ಈಗ ಬರವಣಿಗೆ. ಮಾತಾಡಿದಂಗೆ ಬರಿತಾರೆ ಅಂತ ಬೇಜಾರು ಮಾಡ್ಕೊಂಡಿದ್ದೀರಿ, ನನಗೆ ಅದು ಓದಿ ಖುಷಿಯಾಯ್ತು ನಿಜಕ್ಕೂ. ಅವರ ಹತ್ರ ಹೇಳೋಕೆ ಮಾತಿದೆ ಅಂತಲ್ವಾ ಅರ್ಥ. ಮೊದಲ ಸಲ ಬರೆದಾಗ ಕೆಂಪು ಪೆನ್ನು ಮುಟ್ಟಲೇಬೇಡಿ. ಆಮೇಲೆ ಬೋರ್ಡಲ್ಲಿ ನಡುವೆ ಗೆರೆ ಎಳೀರಿ, ಒಂದು ಕಡೆ ಮನೆ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು. "ಮನ್ಯಾಗ" ಇಲ್ಲಿ, "ಮನೆಯಲ್ಲಿ" ಅಲ್ಲಿ. "ಬಂದಾನ" ಇಲ್ಲಿ, "ಬಂದಿದ್ದಾನೆ" ಅಲ್ಲಿ. ಯಾವುದಕ್ಕೂ ತಪ್ಪು ಅಂತ ಗುರುತು ಹಾಕ್ಬೇಡಿ, ಎಲ್ಲಿ ಯಾವುದು ಬೇಕು ಅನ್ನೋದು ಗೊತ್ತಾದ್ರೆ ಆಯ್ತು. ತಾಂಡಾದಿಂದ ಬರೋ, ಮನೇಲಿ ಲಂಬಾಣಿ ಮಾತಾಡೋ ಮಕ್ಕಳಿದ್ರೆ ಇನ್ನೊಂದು ಗೆರೆ ಎಳೀರಿ, ಆ ಮೂರನೇ ಸಾಲು ಅವರೇ ತುಂಬಲಿ.

ವ್ಯಾಕರಣನೂ ಅಲ್ಲೇ ಸಿಗುತ್ತೆ. ಮನೆ, ಅಲ್ಲಿ, ಎರಡೂ ಸೇರಿದ್ರೆ ನಡುವೆ "ಯ" ಎಲ್ಲಿಂದ ಬಂತು ಅಂತ ಕೇಳಿ. ಮಳೆ, ಕಾಲ ಸೇರಿದ್ರೆ "ಕ" ಹೋಗಿ "ಗ" ಬಂತು, ಊರು ಊರು ಸೇರಿದ್ರೆ ಒಂದು "ಉ" ಬಿದ್ದೇ ಹೋಯ್ತು. ಬಾಯಲ್ಲಿ ಜೋರಾಗಿ ಹೇಳಿ ನೋಡಲಿ, ನಾಲಿಗೆಗೆ ಸಲೀಸು ಅನ್ನೋದು ಅವರಿಗೇ ತಿಳಿಯುತ್ತೆ. ಆಗಮ, ಆದೇಶ, ಲೋಪ ಅನ್ನೋ ಹೆಸರು ಆಮೇಲೆ ಕೊಡಿ, ಆಗ ಮರೆಯಲ್ಲ.

ಸಿಲಬಸ್ ವಿಷ್ಯ. ಎಫ್‌ಎ, ಎಸ್‌ಎ ಅನ್ನೋ ಮೌಲ್ಯಮಾಪನ, ದಾಖಲೆ ಬರೆಯೋದು, ಇವೆಲ್ಲಾ ಬಿಡೋಕಾಗಲ್ಲ ಗೊತ್ತು. ಆದ್ರೆ ಎಲ್ಲಾ ಪಾಠಕ್ಕೂ ಒಂದೇ ಸಮ ಟೈಮ್ ಕೊಡ್ಬೇಕಿಲ್ಲ. ಮಾಹಿತಿ ಪಾಠಗಳನ್ನ ಒಂದೆರಡು ಪೀರಿಯಡ್ಡಲ್ಲಿ ಮುಗಿಸಿ, ಒಳ್ಳೆ ಪದ್ಯ, ಒಳ್ಳೆ ಕಥೆಗೆ ನಾಲ್ಕೈದು ಕೊಡಿ. ದಿನಾ ಕ್ಲಾಸ್ ಶುರುವಾಗ್ತಿದ್ದಂಗೆ ಹತ್ತು ನಿಮಿಷ ಪುಸ್ತಕದಲ್ಲಿಲ್ಲದ ಕಥೆ ಒಂದನ್ನ ನೀವೇ ಜೋರಾಗಿ ಓದಿ, ಪ್ರಶ್ನೆ ಕೇಳ್ಬೇಡಿ, ಕುತೂಹಲ ಇರೋ ಕಡೆ ನಿಲ್ಸಿ, ನಾಳೆ ಅನ್ನಿ. ಯಾರಾದ್ರೂ ಒಬ್ರು ಪುಸ್ತಕ ಇಲ್ಲಿ ಕೊಡಿ ಅಕ್ಕೋರೆ, ನಾನೇ ಓದ್ತೀನಿ ಅಂತ ಬಂದೇ ಬರ್ತಾರೆ. ಪುಸ್ತಕಕ್ಕೆ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಹೋಗಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಫ್ರೀಯಾಗಿ ಸಿಗುತ್ತೆ, ಮೊಬೈಲಲ್ಲೇ ತೆಗೆದು ಓದಬಹುದು.

ಇನ್ನು ಬಾಯಿಪಾಠ ಬಿಡಿಸ್ಬೇಡಿ. ಪಂಜೆ ಮಂಗೇಶರಾಯರು ಸ್ವತಃ ಮೇಷ್ಟ್ರು, ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು, ಅವರು ಬರೆದ ಪದ್ಯಗಳು ಇವತ್ತಿಗೂ ಮಕ್ಕಳ ಬಾಯಲ್ಲಿ ಇರೋದು ಹಾಡೋಕೆ ಬರುತ್ತೆ ಅಂತಲೇ. ಪದ್ಯ ಬಾಯಿಪಾಠ ಆಗಲಿ, ಪ್ರಶ್ನೋತ್ತರ ಬೇಡ.

ಈ ತಿಂಗಳು ಒಂದೇ ಒಂದು ಪದ್ಯ ಹೀಗೆ ಮಾಡಿ ನೋಡಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನ ಅವರ ಮಾತಲ್ಲೇ, ತಿದ್ದದೆ, ನಮಗೆ ಕಳ್ಸಿ ಟೀಚರ್. ಮುಂದಿನ ಸಂಚಿಕೇಲಿ ಒಂದು ಪುಟ ಅದಕ್ಕೆ ಇಟ್ಟಿರ್ತೀನಿ.

ಸಂಪಾದಕ